ಹುಳಿ ಹಚ್ಚಿದ ಫಿಲ್ಟರು

ಕೆಸುವಿನ ಎಲೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅಮೃತಪ್ಪನಿಗೆ ಗೊತ್ತಿದ್ದ ರಸಾಯನಶಾಸ್ತ್ರ ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಹೈದರಾಬಾದಿನ ಸಿಗರೇಟು ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ. ಹೊಗೆ ಅಳೆಯಲು ಸಿಗರೇಟು ಸೇದುವ ಯಂತ್ರ ನಡೆಸುವುದು ಅವನ ಕೆಲಸ.

ಒಮ್ಮೆ ಸಾಹೇಬರು ಫಿಲ್ಟರಿಗೆ ಆಮ್ಲ ಹಚ್ಚಿಸಿ ನೋಡಿದರು. ಗಂಟಲಿಗೆ ಚುಚ್ಚುವ ನಿಕೋಟಿನ್ ಒಂದಿಷ್ಟು ಹುಳಿಗೆ ಸಿಕ್ಕಿ ಅಲ್ಲೇ ಉಳಿಯಿತು, ಹೊಗೆ ಮೆತ್ತಗಾಯಿತು. ಅಮೃತಪ್ಪನಿಗೆ ಅವ್ವ ಮಾಡುತ್ತಿದ್ದ ಕೆಸುವಿನ ಪಲ್ಯ ನೆನಪಾಗಿ ಖುಷಿಯಾಯಿತು. ಮಿಕ್ಕ ಪ್ಯಾಕೆಟ್ಟುಗಳನ್ನು ಹೆಂಡತಿಯ ತಮ್ಮ ಸೂಗಪ್ಪನಿಗೆ ಕೊಟ್ಟ.

ಬಾಲಾನಗರದಲ್ಲಿ ಫಿಟ್ಟರ್ ಆಗಿದ್ದ ಸೂಗಪ್ಪ ಆಗ ಬೀಡಿ ಸೇದಿ, ಕೆಮ್ಮಿ ಕೆಮ್ಮಿ ಸಾಕಾಗಿ, ಶ್ರಾವಣದಿಂದ ಬಿಟ್ಟೇಬಿಡುತ್ತೇನೆಂದು ಅಕ್ಕ ಗುರುಬಾಯಿಯ ಮುಂದೆ ಆಣೆ ಮಾಡಿದ್ದ. ಮೆತ್ತನೆಯ ಹೊಗೆ ಸಿಕ್ಕಿತು, ಕೆಮ್ಮು ನಿಂತಿತು, ಆಣೆಯೂ ಅಲ್ಲಿಗೇ ನಿಂತಿತು. ಆ ಸಿಗರೇಟು ಪೇಟೆಗೆ ಬಂದಮೇಲೆ ಬೇರೆಯದನ್ನು ಅವನು ಮುಟ್ಟಲಿಲ್ಲ.

ಹದಿನಾಲ್ಕು ವರ್ಷವಾಯಿತು. ಈಗ ಹಿಮಾಯತ್‌ನಗರದ ಅಕ್ಕನ ಮನೆಯ ಎಂಟು ಮೆಟ್ಟಿಲು ಹತ್ತಲು ಎರಡು ಸಲ ನಿಂತು ಉಸಿರೆಳೆದುಕೊಂಡ.

“ಡಾಕ್ಟರು ಪುಪ್ಪುಸ ಹೋಗ್ಯಾವ, ಸೇದೂದು ಬಿಡು ಅಂದ್ರು. ಅವರಿಗೇನ್ ಗೊತ್ತ್ರಿ ಮಾವಾರ? ಅದು ಹಳೇ ಬೀಡಿ ಮಾಡಿದ್ದು. ನಿಮ್ಮ ಸಿಗರೇಟು ಗಂಟಲಕ್ಕ ಹತ್ತೂದೇ ಇಲ್ಲ. ನೀವ್ ಕೊಟ್ಟಿದ್ದಕ್ಕ ಇಷ್ಟು ದಿನ ಬದುಕೀನಿ.”

“ದೇವರಿಗೆ ಊದಿನಕಡ್ಡಿ ಬದಲಿ ಅದನ್ನೇ ಹಚ್ಚು,” ಎಂದಳು ಗುರುಬಾಯಿ ಒಳಗಿಂದ.

ಅಮೃತಪ್ಪ ನಗಲಿಲ್ಲ. ಸುಮ್ಮನಿದ್ದರೆ ಕೃತಜ್ಞತೆ ಉಳಿಯುತ್ತಿತ್ತು, ಮನುಷ್ಯ ಉಳಿಯುತ್ತಿರಲಿಲ್ಲ.

“ಸೂಗಪ್ಪ, ಹುಳಿ ಹಿಡಿದದ್ದು ಗಂಟಲು ಕಡಿಯೂದನ್ನಷ್ಟ. ಮಸಿ ಎಲ್ಲಾ ಒಳಗ ಹೋಗೇತಿ. ಮೊದಲಿನ ಮಜಾ ಸಿಗಲಿಲ್ಲಂತ ನೀ ಇನ್ನೂ ಜಗ್ಗಿ ಎಳದಿ. ನಮ್ಮ ಯಂತ್ರ ಹಂಗ ಎಳೀತಿದ್ದಿಲ್ಲ. ಅದಕ್ಕ ಚಟ ಇರಲಿಲ್ಲ ನೋಡು.”

“ಹಂಗಾದ್ರ ಬೀಡಿನೇ ಛಲೋ ಇತ್ತೇನ್ರಿ?”

“ಕೆಮ್ಮು ಛಲೋ ಇತ್ತಪ್ಪಾ. ಬ್ಯಾಡ ಅಂತ ಹೇಳಾಕತ್ತಿತ್ತು. ನಾ ಅದರ ಬಾಯಿ ಮುಚ್ಚಿಸಿದೆ.”

ಸೂಗಪ್ಪ ಜೇಬಿನಿಂದ ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟ.

“ಯಾವಾಗಿಂದ ಗೊತ್ತಿತ್ತ್ರಿ?”

“ಐದಾರು ವರ್ಷ.”

ಸೂಗಪ್ಪ ಎದ್ದ. ಅಕ್ಕ ಊಟಕ್ಕೆ ಕರೆದರೂ ನಿಲ್ಲಲಿಲ್ಲ. ಪ್ಯಾಕೆಟ್ಟು ಮೇಜಿನ ಮೇಲೆಯೇ ಉಳಿಯಿತು.

ಅವನು ಮೆಟ್ಟಿಲಿಳಿಯುವುದನ್ನು ಅಮೃತಪ್ಪ ಬಾಗಿಲಲ್ಲಿ ನಿಂತು ಕೇಳಿದ. ಮೂರನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತ, ಆರನೆಯದರಲ್ಲಿ ಮತ್ತೊಮ್ಮೆ. ಕೈ ಹಿಡಿಯಲು ಹೋಗೋಣವೆನಿಸಿತು. ಹೋಗುವ ಮುಖ ಇರಲಿಲ್ಲ.