ಕಡಲೆ ಸೊಪ್ಪಿನ ಹುಳಿ

ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಮ್ಮನೆಯವರು ಕೃಷಿಗೆ ಇಳಿದರು. ಕೃಷಿ ಎಂದರೆ ತಾರಸಿಯ ಮೇಲೆ ಒಡಕು ಬಕೆಟ್ಟುಗಳಲ್ಲಿ ಕಡಲೆ ಗಿಡ. ಬೀಜ ಮಾತ್ರ ನಮ್ಮ ಸೇಡಂ ಕಡೆಯದು. ಒಂದು ಚಿಗುರು ಕಿತ್ತರೂ ಮುಖ ಊದಿಸಿಕೊಳ್ಳುತ್ತಿದ್ದರು. ಹೆತ್ತ ಮಗನನ್ನೂ ಇಷ್ಟು ಮುದ್ದು ಮಾಡಿದವರಲ್ಲ ಬಿಡಿ.

ಆ ಚಳಿಗಾಲ ಸೊಸೆ ಶಿರೀಷ ಬಸುರಿಯಾದಳು. ತೆಲುಗಿನ ಹುಡುಗಿ. ಮಾದಾಪುರದಲ್ಲಿ ನಮ್ಮ ಮಲ್ಲುವಿನ ಜೊತೆ ಕಂಪ್ಯೂಟರ್ ಕೆಲಸ, ಅಲ್ಲೇ ಮೆಚ್ಚಿ ಮದುವೆಯಾದವರು. ಮಲ್ಲು ನನ್ನನ್ನು 'ಅವ್ವಾ' ಎನ್ನುವುದು ದಿನಾ ಕಿವಿಗೆ ಬಿದ್ದರೂ ಅವಳಿಗೆ ನಾನು ಆಂಟಿಯೇ. ನನಗದು ಮುಳ್ಳು ಚುಚ್ಚಿದಂತಾಗುತ್ತಿತ್ತು. ಆದರೆ ತಿಂದದ್ದೆಲ್ಲ ವಾಂತಿ ಮಾಡಿಕೊಂಡು ಕಡ್ಡಿಯಾದ ಹುಡುಗಿಯನ್ನು ನೋಡಿ ಕರುಳು ಚುರ್ ಎಂದಿತು. ಹೀಗೇ ಆದರೆ ಸೋಮವಾರ ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು.

ನಮ್ಮೂರಲ್ಲಿ ಬಸುರಿಯ ಬಾಯಿ ಕೆಟ್ಟರೆ ಬೆಳಗಿನ ಕಡಲೆ ಸೊಪ್ಪನ್ನು ತೊಳೆಯದೆ ಕೊಡುತ್ತಿದ್ದರು. ಎಲೆಯ ಮೇಲೆ ಹುಳಿ ಬೆವರಿರುತ್ತದೆ, ನಾಲಿಗೆಗೆ ರುಚಿ ಮರಳುತ್ತದೆ. ಯಜಮಾನರ ಕಣ್ಣು ತಪ್ಪಿಸಿ ಚಿಗುರು ತಂದುಕೊಟ್ಟೆ. ಶಿರೀಷ ಅಗಿದು, "ಗಡ್ಡಿಲಾ ಉಂದಿ, ಆಂಟಿ" ಎಂದಳು. ಹುಲ್ಲಿನ ಹಾಗಿದೆಯಂತೆ. ನಾನೂ ನೆಕ್ಕಿದೆ. ಹುಳಿಯ ಸುಳಿವೇ ಇಲ್ಲ.

ಮರುದಿನ ಬೆಳಗ್ಗೆ ತಾರಸಿ ಹತ್ತಿದೆ. ನಮ್ಮನೆಯವರು ಗಿಡಗಳ ನೆತ್ತಿಗೆ ನೀರೆರೆದು, ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ.

"ಏನ್ ಮಾಡಾಕತ್ತೀರಿ?"

"ಫ್ಯಾಕ್ಟರಿ ಧೂಳ ಭಾಳ ಐತಿ. ದಿನಾ ತೊಳಿತೀನಿ."

"ಹುಳಿ ಎಲ್ಲಾ ತೊಳದು ಗಟಾರಕ್ಕ ಬಿಟ್ಟೀರಲ್ಲ ಮಾರಾಯರ. ಸೋಮವಾರದ ತನಕ ಗಿಡ ಮುಟ್ಟಿದ್ರ ನೋಡ್ರಿ ಮತ್ತ."

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಪಾಪ, ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ ಕೆಳಗಿಳಿದರು.

ಸೋಮವಾರ ಆಸ್ಪತ್ರೆಯ ಚೀಲ ಬಾಗಿಲಲ್ಲಿತ್ತು. ಚಿಗುರು ಕಿತ್ತರೆ ಬೆರಳೆಲ್ಲ ಅಂಟು. ಬಿಸಿ ಜೋಳದ ರೊಟ್ಟಿಯ ಜೊತೆ ಶಿರೀಷಳ ಮುಂದಿಟ್ಟೆ. ಎಲೆ ಬಾಯಿಗಿಟ್ಟವಳು ಕಣ್ಣು ಕಿರಿದು ಮಾಡಿ ಚಪ್ಪರಿಸಿದಳು. ರೊಟ್ಟಿ ಮುರಿದಳು. ನಾನು ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತೆ. ರೊಟ್ಟಿ ಮುಗಿಯಿತು, ಬೋಗುಣಿ ಖಾಲಿಯೇ ಉಳಿಯಿತು.

"ಅವ್ವಾ, ಇನ್ನೊಂದು ರೊಟ್ಟಿ ಐತಾ?"

ಬೋಗುಣಿ ಕೆಳಗಿಟ್ಟೆ. "ಬುಟ್ಟಿ ತುಂಬ ಐತಿ, ತಿನ್ನು" ಎಂದೆ.

ಬುಟ್ಟಿಯಲ್ಲಿ ಇದ್ದದ್ದು ಯಜಮಾನರ ಪಾಲಿನದೊಂದೇ. ಅವರೇ ಎದ್ದು ಅದನ್ನು ಸೊಸೆಯ ತಾಟಿಗೆ ಹಾಕಿದರು. ಆಮೇಲೆ ಇನ್ನಷ್ಟು ಚಿಗುರು ಕೀಳಲು ತಾವೇ ತಾರಸಿ ಹತ್ತಿದರು.