ಇಸಾಲೆ ಎಲೆ

ಕಿಲಿಮಂಜಾರೋ ಹತ್ತುವವರ ಮೂಟೆ ಹೊರುವ ಮಕುಂದಿಯನ್ನು ಆ ಬೆಳಿಗ್ಗೆ ಪ್ರವಾಸಿಯೊಬ್ಬ ಎಲ್ಲರೆದುರೇ ಕಳ್ಳ ಎಂದು ಬೈದಿದ್ದ. ಕಳುವಾಗಿದೆಯೆಂದ ದುರ್ಬೀನು ಆಮೇಲೆ ಆ ಪ್ರವಾಸಿಯ ಚೀಲದಲ್ಲೇ ಸಿಕ್ಕಿತು. ಮಕುಂದಿ ಮೂಟೆ ಇಳಿಸಿ ಕೂತುಬಿಟ್ಟ.

ಗೈಡ್ ಎಲಿನೇಮ ಬೇಲಿಯಿಂದ ಇಸಾಲೆ ಎಲೆಯೊಂದನ್ನು ಕಿತ್ತು ಪ್ರವಾಸಿಯ ಕೈಗೆ ತುರುಕಿ ಮುಂದೆ ನೂಕಿದ. ಮಕುಂದಿಯ ಚಗ್ಗಾ ಜನರಲ್ಲಿ ಆ ಎಲೆ ಹಿಡಿದು ಬಂದವನು ಅಪ್ಪನನ್ನೇ ಕೊಂದಿದ್ದರೂ ಅವನನ್ನು ಕ್ಷಮಿಸಲೇಬೇಕು.

ಪ್ರವಾಸಿ ಹಲ್ಲು ಕಿರಿಯುತ್ತಾ ಎಲೆ ಚಾಚಿದ. ಮಕುಂದಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಎರಡೂ ಕೈಯಲ್ಲಿ ತೆಗೆದುಕೊಂಡ.

"ಕ್ಷಮಿಸಿದೀನಿ ಅಂತ ಹೇಳು ಅವನಿಗೆ."

"ಭೇಷ್! ಏಳು ಮತ್ತೆ, ಮೂಟೆ ಎತ್ತು, ಹೊತ್ತಾಯ್ತು," ಎಂದ ಎಲಿನೇಮ.

ಮಕುಂದಿ ಎದ್ದ. ಮೂಟೆಯನ್ನು ಕಾಲಿನಿಂದ ಪ್ರವಾಸಿಯ ಕಡೆ ತಳ್ಳಿದ.

"ಎಲೆ ಕೇಳಿದ್ದು ಕ್ಷಮೆ, ಕೊಟ್ಟಾಯ್ತು. ನನ್ನ ಹೆಗಲನ್ನೇನೂ ಕೇಳ್ಲಿಲ್ವಲ್ಲೋ!"