ಮೊದಲು ಜಾರಿದ ಗೆರೆ

ಮಗಳ ರಕ್ತದಲ್ಲಿ ಕೊಬ್ಬು ಏರಿ ಕೂತಿದೆ, ಇದು ಊಟದಿಂದಲ್ಲ, ಮನೆತನದಿಂದ ಬಂದಿರಬಹುದು ಎಂದು ಡಾಕ್ಟರು ಹೇಳಿದ ಕೂಡಲೇ ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ತಮ್ಮ ಚಿಕ್ಕ ವಯಸ್ಸಿಗೇ ಎದೆ ಹಿಡಿದುಕೊಂಡು ಬಿದ್ದವನು.

"ನಿಮ್ಮನೆ ಬಳುವಳಿ."

"ಅವನು ರೈಲಿನ ಥರ ಹೊಗೆ ಬಿಡ್ತಿದ್ದ. ಅದನ್ನೂ ನನ್ನ ತಲೆಗೇ ಕಟ್ಟಿ."

ಮಗಳು ಹಟದಲ್ಲಿ ನನ್ನದೇ ಅಚ್ಚು. ಡಾಕ್ಟರು ಬರೆದ ಮಾತ್ರೆ ಮುಟ್ಟಲಿಲ್ಲ. "ಎಲ್ಲಿಂದ ಬಂತು ಅಂತ ಮೊದಲು ಗೊತ್ತಾಗ್ಲಿ" ಅಂದಳು. ಮೂವರೂ ಜೀನ್ ಪರೀಕ್ಷೆಗೆ ರಕ್ತ ಕೊಟ್ಟೆವು.

ಫಲಿತಾಂಶದ ದಿನ ಲ್ಯಾಬಿನ ಬೆಂಚಿನ ಮೇಲೆ ನನಗೆ ಕೂರಲಾಗಲಿಲ್ಲ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೋಗಿ ಬಿಗಿ ಮಾಡಿದೆ. ಮತ್ತೆ ತೊಟ್ಟಿಕ್ಕಿತು. ಮತ್ತೆ ಎದ್ದೆ.

"ಅಪ್ಪ, ಇದು ನಿನ್ನ ಗ್ಯಾರೇಜಲ್ಲ. ಸುಮ್ನೆ ಕೂತ್ಕೋ."

ರೇಡಿಯೇಟರಿಗೆ ಬೆಸುಗೆ ಹಾಕುವವನು ನಾನು. ಸೋರುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ.

ಲ್ಯಾಬಿನಾಕೆ ಒಳಗೆ ಕರೆದು ಪರದೆ ತೋರಿಸಿದಳು. "ಡಿಎನ್‌ಎ ಅಂದ್ರೆ ಹುರಿ ಹಾಕಿದ ಎರಡೆಳೆ. ನಮಗೆ ಬೇಕಾದ ಚೂರನ್ನ ಸಾಕಷ್ಟು ನಕಲು ಮಾಡಿ, ಹೊಳೆಯೋ ಬಣ್ಣ ಹಾಕಿ ನಿಧಾನಕ್ಕೆ ಬಿಸಿ ಮಾಡ್ತೀವಿ. ಎಳೆ ಬಿಟ್ಕೊಂಡ ಹಾಗೆ ಹೊಳಪು ಇಳಿಯುತ್ತೆ. ಎಳೆ ತುಂಬ ಅಕ್ಷರಗಳ ಸಾಲು ಅಂದ್ಕೊಳ್ಳಿ, ಅದ್ರಲ್ಲಿ ಒಂದಕ್ಷರ ಬೇರೆ ಇದ್ರೆ ಎಳೆಗಳು ಸರಿಯಾಗಿ ಕೂರಲ್ಲ, ಬೇಗ ಬಿಟ್ಕೊಳ್ಳುತ್ವೆ."

"ಬೆರಕೆ ಲೋಹ ಬೇಗ ಕರಗೋ ಹಾಗೆ," ಎಂದು ಹೆಂಡತಿಯನ್ನು ನೋಡಿದೆ.

ಪರದೆಯಲ್ಲಿ ಹೊಳಪು ಇಳಿಯುವುದನ್ನು ತೋರಿಸುವ ನಾಲ್ಕು ಗೆರೆ. ದೋಷವಿಲ್ಲದ್ದೆಂದು ಲ್ಯಾಬಿನವರೇ ಇಟ್ಟುಕೊಂಡ ಮಾದರಿಯದು ಒಂದು. ಹೆಂಡತಿಯದು ಅದಕ್ಕೇ ಅಂಟಿಕೊಂಡಿತ್ತು. ಉಳಿದೆರಡು ಬೇಗನೆ ಕೆಳಗೆ ಜಾರಿದ್ದವು.

"ಇದು ನಿಮ್ಮ ಮಗಳದು. ಇದು ನಿಮ್ಮದು."

"ಟ್ಯೂಬ್ ಅದಲುಬದಲು ಆಗಿದೆ. ನನಗೆ ನೆಗಡಿ ಕೂಡ ಬರಲ್ಲ. ಏನಮ್ಮಾ, ಕಣ್ಣು ಮುಚ್ಕೊಂಡು ಕೆಲಸ ಮಾಡ್ತೀರಾ?"

ಆಕೆ ದನಿ ಏರಿಸಲಿಲ್ಲ. "ಹೊಸದಾಗಿ ರಕ್ತ ಕೊಡಿ. ಬಿಸಿ ಏರುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ."

ತೋಳು ಚಾಚಿದೆ. ಮಧ್ಯಾಹ್ನವೆಲ್ಲ ಕಾರಿಡಾರಿನಲ್ಲಿ ಅಡ್ಡಾಡಿದೆ. ಸಂಜೆ ಮತ್ತೆ ಪರದೆಯ ಮುಂದೆ ನಿಂತೆ. ಗೆರೆಗಳು ಒಟ್ಟಿಗೆ ಸಾಗುತ್ತಿದ್ದವು. ಒಂದು ಗೆರೆ ಮೆಲ್ಲಗೆ ಬಾಗಿತು. ಕೈ ಹಾಕಿ ಅದನ್ನು ಮೇಲಕ್ಕೆಳೆಯಬೇಕೆನಿಸಿತು.

"ಅದು ನನ್ನದಾ?"

"ನಿಮ್ಮದೇ. ಅಕ್ಷರ ಓದೋ ಪರೀಕ್ಷೆ ಇನ್ನೊಂದಿದೆ, ಅದನ್ನೂ ಮಾಡಿಸೋಣ. ಆದ್ರೆ ಡಾಕ್ಟರನ್ನ ಇವತ್ತೇ ನೋಡಿ."

ಹೆಂಡತಿ ಈಗ ಚುಚ್ಚುತ್ತಾಳೆ ಎಂದು ಕಾದೆ. ಅವಳು ಪರದೆ ಬಿಟ್ಟು ಬಾಗಿಲ ಕಡೆ ಹೊರಟಳು.

"ಏನಾದ್ರೂ ಅನ್ನಬಾರ್ದಾ?" ಎಂದು ನಾನೇ ಕೆಣಕಿದೆ.

"ಗೆರೆನೇ ಅಂದಾಯ್ತಲ್ಲ. ನಡೀರಿ."

ಡಾಕ್ಟರ ಕೋಣೆಯ ಹೊರಗೆ ಮಗಳು ಚೀಲದಿಂದ ಒಡೆಯದ ಮಾತ್ರೆ ಪಟ್ಟಿ ತೆಗೆದಳು.

"ನಾನೊಬ್ಳೇ ನುಂಗಲ್ಲ. ನಿನಗೆ ಬೇಕಾದ್ದನ್ನ ನೀನೂ ಬರೆಸ್ಕೊಂಡು ಬಾ."

"ನನಗೇನಾಗಿದೆ? ಗಟ್ಟಿಯಾಗಿದೀನಿ."

"ನಾನೂ ಗಟ್ಟಿಯಾಗಿದೀನಿ."

ಬೈಯಲು ಬಾಯಿ ತೆರೆದೆ. ಅವಳು ನನ್ನ ಹಾಗೆಯೇ ಗದ್ದ ಮುಂದೆ ಮಾಡಿ, ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ನರ್ಸು ನನ್ನನ್ನು ಕರೆದಳು. ಎದ್ದು ಹೋಗಿ ಬಾಗಿಲು ತಳ್ಳಿದೆ. ತಿರುಗಿ ನೋಡಿದರೆ ಮಗಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.